ಉಟ್ಟದ್ದು, ತೊಟ್ಟದ್ದು: ಗಂಡಸರ ಪಂಚೆ-ಲುಂಗಿಯ ಕಥೆ

ಕಳೆದ ಬೇಸಿಗೆಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಲಿಫ್ಟಿನ ಪಕ್ಕ ಒಂದು ನೋಟೀಸು ಅಂಟಿಸಿದ್ದರು. ಗಾರ್ಡನ್‌ನಲ್ಲಿ, ಲಾಬಿಯಲ್ಲಿ ಓಡಾಡುವಾಗ ಸಭ್ಯ ಉಡುಪು ಇರಲಿ, ಲುಂಗಿ ಮತ್ತು ನೈಟಿಯಲ್ಲಿ ಯಾರೂ ಕೆಳಗೆ ಇಳಿಯಬಾರದು ಎಂದು ಅದರಲ್ಲಿತ್ತು. ನಾವು ಹೆಂಗಸರೆಲ್ಲ ನೈಟಿಯ ಮಾತು ಓದಿ ಮೊದಲು ನಕ್ಕೆವು, ಆಮೇಲೆ ಸಿಟ್ಟಾದೆವು. ಹಾಲಿನವನು, ಕೊರಿಯರ್‌ನವನು ಬಂದರೆ ನೈಟಿಯ ಮೇಲೆ ಒಂದು ದುಪಟ್ಟಾ ಎಳೆದುಕೊಂಡು ಕೆಳಗೆ ಓಡದ ಗೃಹಿಣಿ ಮುಂಬಯಿಯಲ್ಲಿ ಯಾರಿದ್ದಾರೆ ಹೇಳಿ!

ನನ್ನ ಮಾವ ಮಾತ್ರ ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದರು, ಏನೂ ಹೇಳದೆ ಮನೆಗೆ ಬಂದರು. ಮಾವನಿಗೆ ಈಗ 79 ವರ್ಷ. ದಿನಾ ಸಂಜೆ ಐದಕ್ಕೆ ಚೌಕುಳಿಯ ಲುಂಗಿ, ಅರ್ಧ ತೋಳಿನ ಬಿಳಿ ಅಂಗಿ, ಹೆಗಲ ಮೇಲೊಂದು ಬೈರಾಸು ಹಾಕಿಕೊಂಡು ಗಾರ್ಡನ್‌ಗೆ ಹೋಗಿ ನಾಲ್ಕು ಸುತ್ತು ನಡೆದು ಬೆಂಚಿನ ಮೇಲೆ ಕೂತು ಬರುವವರು. ಮರುದಿನ ಅವರು ಕೆಳಗೆ ಇಳಿಯಲಿಲ್ಲ. ಅದರ ಮರುದಿನವೂ ಇಲ್ಲ. ಹರ್ನಿಯಾ ಆಪರೇಷನ್ ಆದಮೇಲೆ ಸೊಂಟಕ್ಕೆ ಬಿಗಿಯುವ ಯಾವುದೂ ಅವರಿಗೆ ಆಗುವುದಿಲ್ಲ. "ಮಾವ, ಸಡಿಲವಾದ ಪೈಜಾಮ ತಂದುಕೊಡ್ತೇನೆ, ಹಾಕಿಕೊಂಡು ಹೋಗಿ" ಎಂದೆ. ಅವರು ನಕ್ಕು, "ಇದು ನನಗೆ ಹೊಸತಲ್ಲ ಮಾರಾಯ್ತಿ" ಎಂದರು. ಹೊಸತಲ್ಲ ಎಂದರೆ ಏನು ಎಂದು ಆವತ್ತು ನಾನು ಕೇಳಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಗಂಡಸರು ಸೊಂಟಕ್ಕೆ ಸುತ್ತಿ ಉಡುವ ಒಂದು ತುಂಡು ಬಟ್ಟೆಯ ಮೇಲೆ ಯಾರಿಗೆ, ಯಾವಾಗಿನಿಂದ, ಯಾಕೆ ಸಿಟ್ಟು ಎಂದು ತಿಳಿಯಲು ಪುಸ್ತಕ ಹುಡುಕತೊಡಗಿದೆ. ನಮ್ಮ ಮಹಿಳಾ ವಿಭಾಗದ ಈ ಸಂಚಿಕೆಗೆ ಅದನ್ನೇ ಬರೆದುಕೊಡುತ್ತಿದ್ದೇನೆ.

ಉಡುವುದು ಬೇರೆ, ತೊಡುವುದು ಬೇರೆ

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಚುರುಕು. ಸೀರೆ ಉಡುತ್ತೇವೆ, ಪಂಚೆ ಉಡುತ್ತೇವೆ. ಅಂಗಿ ತೊಡುತ್ತೇವೆ, ರವಿಕೆ ತೊಡುತ್ತೇವೆ, ಬಳೆಯನ್ನೂ ತೊಡುತ್ತೇವೆ. ಮೈಗೆ ಸುತ್ತಿಕೊಳ್ಳುವುದಕ್ಕೆ ಒಂದು ಮಾತು, ಮೈಯನ್ನು ಒಳಗೆ ತೂರಿಸುವುದಕ್ಕೆ ಇನ್ನೊಂದು ಮಾತು. 'ಸೀರೆ ತೊಟ್ಟಳು' ಎಂದರೆ ಕನ್ನಡದ ಕಿವಿಗೆ ಹಿಡಿಸುವುದಿಲ್ಲ. ಪ್ಯಾಂಟು ಬಂದಾಗ ಅದಕ್ಕೆ ಎರಡೂ ಸರಿಹೊಂದದೆ 'ಹಾಕಿಕೊಳ್ಳುವುದು' ಎಂದೆವು.

ಉಡುವುದರಲ್ಲೂ ಎರಡು ಬಗೆ. ಒಂದು ಕಚ್ಚೆ ಹಾಕಿ ಉಡುವುದು. ಬಟ್ಟೆಯ ತುದಿಯನ್ನು ಕಾಲುಗಳ ನಡುವಿನಿಂದ ತಂದು ಹಿಂದೆ ಸಿಕ್ಕಿಸಿದರೆ ಅದು ಕಚ್ಚೆಪಂಚೆ. ಉತ್ತರ ಕರ್ನಾಟಕದ ದೋತರವೂ ಇದೇ. ಇನ್ನೊಂದು ಕಚ್ಚೆಯಿಲ್ಲದೆ ಸುಮ್ಮನೆ ಸೊಂಟಕ್ಕೆ ಸುತ್ತುವುದು. ಅಡ್ಡಪಂಚೆ, ಕರಾವಳಿಯ ವೇಷ್ಟಿ, ಕೇರಳದ ಮುಂಡು, ಬಣ್ಣದ ಲುಂಗಿ ಎಲ್ಲ ಈ ಜಾತಿಯವು. ಆಕಾರ ನೋಡಿದರೆ ಇದು ಹೆಂಗಸರ ಲಂಗದ ಅಣ್ಣನೇ ಸರಿ. ಹಾಗೆಂದರೆ ನಮ್ಮ ಮನೆಯ ಗಂಡಸರು ಮುಖ ಸಿಂಡರಿಸಿಯಾರು, ಅದು ಬೇರೆ ಮಾತು.

ಈ ಉಡುಗೆಯ ಸುಖವನ್ನು ಉಟ್ಟವರು ಹೇಳಬೇಕು. ಆದರೆ ನೋಡಿದವರಿಗೂ ತಿಳಿಯುತ್ತದೆ. ಸೆಕೆಗೆ ಗಾಳಿ ಆಡುತ್ತದೆ. ನೆಲದ ಮೇಲೆ ಚಕ್ಕಂಬಕ್ಕಲು ಹಾಕಿ ಕೂರಬಹುದು. ಗದ್ದೆಗಿಳಿಯುವಾಗ, ಮೆಟ್ಟಿಲು ಹತ್ತುವಾಗ ಮಡಚಿ ಮೇಲಕ್ಕೆ ಕಟ್ಟಬಹುದು. ಹಿರಿಯರು ಎದುರಾದರೆ ಆ ಮಡಿಕೆಯನ್ನು ಬಿಚ್ಚಿ ಪಾದದವರೆಗೆ ಇಳಿಸುವುದು ಕರಾವಳಿಯಲ್ಲಿ ಮರ್ಯಾದೆಯ ಲಕ್ಷಣ. ತೆಳ್ಳಗಾದವನಿಗೂ ದಪ್ಪಗಾದವನಿಗೂ ಅದೇ ಬಟ್ಟೆ ಸಾಕು, ದರ್ಜಿಯ ಹಂಗಿಲ್ಲ. ಹೊಟ್ಟೆಯ ಭಾಗದ ಆಪರೇಷನ್ ಆದ ಗಂಡಸರು ಮನೆಗೆ ಬಂದಮೇಲೆ ಮೊದಲು ಕೇಳುವುದು ಲುಂಗಿಯನ್ನೇ ಎಂಬುದು ಅವರನ್ನು ನೋಡಿಕೊಂಡ ನಮಗೆಲ್ಲ ಗೊತ್ತು.

ಆಸ್ಥಾನದ ಕಬಾಯಿ, ಮಗುವಿನ ಕುಲಾವಿ

ನಮ್ಮ ದೇಶಕ್ಕೆ ಹೊಲಿದ ಬಟ್ಟೆ ತಂದವರು ಇಂಗ್ಲಿಷರು ಎಂದು ನಾನೂ ತಿಳಿದಿದ್ದೆ. ಅದು ತಪ್ಪು. ಸುಮಾರು 1900 ವರ್ಷಗಳ ಹಿಂದೆ ಆಳಿದ ಕುಷಾಣರ ದೊರೆ ಕನಿಷ್ಕನ ತಲೆಯಿಲ್ಲದ ಪ್ರತಿಮೆ ಮಥುರಾ ಮ್ಯೂಸಿಯಂನಲ್ಲಿದೆ. ಅದರ ಮೈಮೇಲೆ ಉದ್ದನೆಯ ಕೋಟು, ಕಾಲಲ್ಲಿ ದಪ್ಪ ಬೂಟು ಇವೆ. ಮಧ್ಯ ಏಷ್ಯಾದಿಂದ ಕುದುರೆ ಏರಿ ಬಂದವರಿಗೆ ಹೊಲಿದ ಬಟ್ಟೆಯೇ ಅನುಕೂಲ. ಅದೇ ಕಾಲದ ನಮ್ಮ ಶಿಲ್ಪಗಳಲ್ಲಿ ಸೊಂಟಕ್ಕೊಂದು ವಸ್ತ್ರ, ಹೆಗಲಿಗೊಂದು ಉತ್ತರೀಯ. ಕುದುರೆಯ ಮೇಲೆ ಇರುವವನಿಗೆ ಒಂದು ಉಡುಪು, ನೆಲದ ಮೇಲೆ ಇರುವವನಿಗೆ ಇನ್ನೊಂದು.

ನಮ್ಮದೇ ವಿಜಯನಗರದ ಕಥೆ ಇನ್ನೂ ಸ್ವಾರಸ್ಯಕರ. 15-16ನೆಯ ಶತಮಾನದಲ್ಲಿ ಆ ಆಸ್ಥಾನದ ದೊಡ್ಡವರು ದರ್ಬಾರಿಗೆ ಬರುವಾಗ ಪಶ್ಚಿಮ ಏಷ್ಯಾದ ರೀತಿಯ ಉದ್ದನೆಯ ಹೊಲಿದ ನಿಲುವಂಗಿ ತೊಟ್ಟು, ತಲೆಗೆ ಎತ್ತರದ ಮೊನಚು ಟೊಪ್ಪಿಗೆ ಇಟ್ಟುಕೊಳ್ಳುತ್ತಿದ್ದರು. ನಿಲುವಂಗಿಗೆ ಕಬಾಯಿ ಎಂದೂ ಟೊಪ್ಪಿಗೆಗೆ ಕುಲ್ಲಾಯಿ ಎಂದೂ ಹೆಸರು. ಲೇಪಾಕ್ಷಿಯ ದೇವಸ್ಥಾನದ ಚಾವಣಿಯ ಚಿತ್ರಗಳಲ್ಲಿ ಈ ಟೊಪ್ಪಿಗೆಯವರನ್ನು ಇಂದಿಗೂ ನೋಡಬಹುದು. ಇತಿಹಾಸಕಾರ ಫಿಲಿಪ್ ವ್ಯಾಗನರ್ ಈ ಬಗ್ಗೆ 1996ರಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಬೇರೆ ಬೇರೆ ದೇಶದ ರಾಯಭಾರಿಗಳು ಬಂದು ಕೂರುವ ಸಭೆಯಲ್ಲಿ ಎಲ್ಲರಿಗೂ ಗುರುತು ಸಿಗುವ ಒಂದು ಅಂತಾರಾಷ್ಟ್ರೀಯ ಉಡುಪು ಬೇಕಿತ್ತು. ಇವತ್ತಿನ ಕೋಟು-ಟೈ ಮಾಡುವ ಕೆಲಸವನ್ನು ಆವತ್ತು ಕಬಾಯಿ ಮಾಡುತ್ತಿತ್ತು. ಆ ಕುಲ್ಲಾಯಿ ಮುಂದೆ ಏನಾಯಿತು ಗೊತ್ತೇ? ನಾವು ಬಾಣಂತಿಯ ಕೋಣೆಯಲ್ಲಿ ಎಳೆ ಮಗುವಿನ ತಲೆಗೆ ಕಟ್ಟುತ್ತೇವಲ್ಲ, ಆ ಕುಲಾವಿಯ ಹೆಸರೂ ಅದೇ ಮೂಲದ್ದು. ಮಂತ್ರಿಗಳ ತಲೆಯ ಮೇಲೆ ಇದ್ದದ್ದು ಕೂಸಿನ ತಲೆಗೆ ಇಳಿಯಿತು!

ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಕಬಾಯಿ ಬಂದರೂ ಪಂಚೆಗೆ ಅವಮಾನ ಆಗಲಿಲ್ಲ. ಸಭೆಗೆ ಅದು, ದೇವರ ಮುಂದೆ ಮತ್ತು ಮನೆಯಲ್ಲಿ ಇದು. ಉಟ್ಟದ್ದು ತೊಟ್ಟದ್ದು ಎರಡೂ ಒಂದೇ ಮೈಯ ಮೇಲೆ ಬಾಳಿದವು. ಹಾಗೆಂದು ಆ ಕಾಲವನ್ನು ಹೊಗಳಿ ಮುಗಿಸುವಂತಿಲ್ಲ. ಪಂಚೆಯ ಉದ್ದದಲ್ಲೇ ಜಾತಿ ಅಳೆಯುತ್ತಿದ್ದ ಊರುಗಳಿದ್ದವು. ಕೇರಳದಲ್ಲಿ ಕೆಳಜಾತಿಯೆಂದು ಕರೆಸಿಕೊಂಡ ಗಂಡಸರು ಮೊಣಕಾಲಿನಿಂದ ಕೆಳಗೆ ಬಟ್ಟೆ ಇಳಿಬಿಡುವಂತಿರಲಿಲ್ಲ. ಅವರ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ತಿರುವಾಂಕೂರಿನಲ್ಲಿ ದಶಕಗಳ ಕಾಲ ಹೋರಾಡಬೇಕಾಯಿತು. 1859ರಲ್ಲಿ ಅಲ್ಲಿನ ಮಹಾರಾಜರು ನಾಡಾರ್ ಹೆಂಗಸರಿಗೆ ಅನುಮತಿ ಕೊಟ್ಟರು. ಬಟ್ಟೆ ಯಾವುದು ಎನ್ನುವುದಕ್ಕಿಂತ ಉಟ್ಟವರು ಯಾರು ಎನ್ನುವುದೇ ಆಗಲೂ ದೊಡ್ಡ ಪ್ರಶ್ನೆಯಾಗಿತ್ತು.

ಕಾನೂನು ಬಿಚ್ಚಿಸಿದ ಕಿಲ್ಟು

ಹೊಲಿಗೆಯಿಲ್ಲದೆ ಸುತ್ತಿ ಉಡುವುದು ನಮ್ಮಂಥ ಬಿಸಿಲು ನಾಡಿನವರ ಗುಣ ಎಂದುಕೊಂಡಿದ್ದೆ. ಬರ್ಮಾದ ಲೋಂಜಿ, ಸಿಂಹಳದ ಸರೊಂಗ್, ಫಿಜಿಯ ಪೊಲೀಸರು ಯೂನಿಫಾರ್ಮಿನಲ್ಲೇ ಉಡುವ ಸುಲು ಎಲ್ಲ ಹಾಗೆಯೇ ಇವೆ. ಆದರೆ ಮಳೆ-ಚಳಿಯ ಸ್ಕಾಟ್ಲೆಂಡಿನ ಗಂಡಸರ ಕಿಲ್ಟಿನ ಕಥೆ ಓದಿದಾಗ ನನಗೆ ನಮ್ಮ ಪಂಚೆಯ ಕಥೆ ಇನ್ನೂ ಚೆನ್ನಾಗಿ ಅರ್ಥವಾಯಿತು.

ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡು ಜನ 16ನೆಯ ಶತಮಾನದ ಕೊನೆಯ ಹೊತ್ತಿಗೆ ಉಡುತ್ತಿದ್ದದ್ದು ನಾಲ್ಕೈದು ಗಜ ಉದ್ದದ ಉಣ್ಣೆಯ ಚೌಕುಳಿ ಬಟ್ಟೆ. ಅದನ್ನು ಸೊಂಟದ ಸುತ್ತ ನೆರಿಗೆ ಹಿಡಿದು ಬೆಲ್ಟು ಕಟ್ಟಿ, ಉಳಿದದ್ದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಹೊಲಿಗೆ ಎಂಬುದೇ ಇಲ್ಲ. ಹೊಳೆ ದಾಟುವಾಗ ಒದ್ದೆಯಾಗಲು ಪ್ಯಾಂಟಿಲ್ಲ, ರಾತ್ರಿ ಬೆಲ್ಟು ಬಿಚ್ಚಿದರೆ ಅದೇ ಹೊದಿಕೆ. ನಮ್ಮ ಕುರುಬರ ಕಂಬಳಿ ನೆನಪಾಗುವುದಿಲ್ಲವೇ? 1720ರ ದಶಕದಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ನಡೆಸಲು ಬಂದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಉದ್ಯಮಿ, ಇಷ್ಟುದ್ದದ ಬಟ್ಟೆ ಕೆಲಸಕ್ಕೆ ತೊಡಕೆಂದು ಮೇಲಿನ ಭಾಗ ಕತ್ತರಿಸಿ ಕೆಳಗಿನದನ್ನು ಮಾತ್ರ ಉಳಿಸಿದ, ಅದೇ ಇವತ್ತಿನ ಚಿಕ್ಕ ಕಿಲ್ಟು ಎಂದು 18ನೆಯ ಶತಮಾನದ ಒಂದು ಪತ್ರ ಹೇಳುತ್ತದೆ. ಆತನಿಗಿಂತ ಮೊದಲೇ ಅದು ಇತ್ತು ಎನ್ನುವ ಇತಿಹಾಸಕಾರರೂ ಇದ್ದಾರೆ. ಯಾರ ಮಾತು ನಿಜವಾದರೂ ಅದು ಕೆಲಸಗಾರನ ಅನುಕೂಲಕ್ಕೆ ಬಂದ ಬಟ್ಟೆ.

1746ರ ಏಪ್ರಿಲ್ 16ರಂದು ಕಲೊಡನ್ ಎಂಬಲ್ಲಿ ಈ ಗುಡ್ಡಗಾಡಿನ ಬಂಡುಕೋರರು ಬ್ರಿಟಿಷ್ ಸೈನ್ಯಕ್ಕೆ ಸೋತರು. ಗೆದ್ದ ಸರಕಾರ ಆಯುಧ ಕಸಿದುಕೊಂಡಿದ್ದಲ್ಲದೆ ಬಟ್ಟೆಗೂ ಕಾನೂನು ತಂದಿತು. ಯಾವ ಗಂಡಸೂ ಹುಡುಗನೂ ಕಿಲ್ಟು ಉಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳು ಸೆರೆವಾಸ, ಎರಡನೆಯ ಸಲಕ್ಕೆ 7 ವರ್ಷ ಕಡಲಾಚೆ ಗಡೀಪಾರು. ಹೆಂಗಸರ ಮಾತು ಆ ಕಾನೂನಿನಲ್ಲಿ ಇರಲಿಲ್ಲ. ಇನ್ನೊಂದು ವಿನಾಯಿತಿ ಇತ್ತು: ಬ್ರಿಟಿಷ್ ಸೈನ್ಯಕ್ಕೆ ಸೇರಿದವನು ಉಡಬಹುದು. ಎಂದರೆ ಅದೇ ಬಟ್ಟೆ ಸ್ವಂತಕ್ಕೆ ಉಟ್ಟರೆ ಅಪರಾಧ, ಸರಕಾರದ ಕೆಲಸಕ್ಕೆ ಉಟ್ಟರೆ ಗೌರವ. 1782ರಲ್ಲಿ ಕಾನೂನು ರದ್ದಾಯಿತು. ಅಷ್ಟು ಹೊತ್ತಿಗೆ ಒಂದು ತಲೆಮಾರು ದಾಟಿತ್ತು, ಬಡವರು ಪ್ಯಾಂಟಿಗೆ ಒಗ್ಗಿಹೋಗಿದ್ದರು. ಕಿಲ್ಟು ವಾಪಸು ಬಂದದ್ದು ಶ್ರೀಮಂತರ ಹಬ್ಬದ ಉಡುಪಾಗಿ. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೊಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಮಾರಂಭಗಳಲ್ಲಿ ದೊರೆಯೇ ಕಿಲ್ಟು ಉಟ್ಟು ನಿಂತ. ಇವತ್ತು ಅದು ಮದುವೆಯ ಪೋಷಾಕು.

ಈ ಕಥೆಗೆ ನಮ್ಮೂರಿನ ಒಂದು ಎಳೆಯೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಸೈನ್ಯದಲ್ಲಿ 73 ಮತ್ತು 74ನೆಯ ಹೈಲ್ಯಾಂಡರ್ ರೆಜಿಮೆಂಟುಗಳಿದ್ದವು. ಮುಂದೆ ನಿಂತು ನಡೆಸಿದ ಡೇವಿಡ್ ಬೇರ್ಡ್ ಕೂಡ ಸ್ಕಾಟ್ಲೆಂಡಿನವನೇ. ಹತ್ತು ವರ್ಷ ಕಳೆದು 1809ರಲ್ಲಿ ಇವೆರಡೂ ಸೇರಿ 6 ರೆಜಿಮೆಂಟುಗಳಿಂದ ಕಿಲ್ಟನ್ನು ತೆಗೆಸಿದರು. ಸೈನ್ಯಕ್ಕೆ ಸೇರಲು ಸಾಕಷ್ಟು ಗುಡ್ಡಗಾಡಿನ ಹುಡುಗರು ಸಿಗುತ್ತಿರಲಿಲ್ಲ, ಇಂಗ್ಲೆಂಡಿನ ಹುಡುಗರಿಗೆ ಕಿಲ್ಟು ಉಡಲು ನಾಚಿಕೆ ಎಂಬುದು ಕಾರಣ. ಮೊದಲು ಹೆದರಿ ಬಿಚ್ಚಿಸಿದರು, ಆಮೇಲೆ ಯೂನಿಫಾರ್ಮು ಮಾಡಿದರು, ಬೇಡವೆನಿಸಿದಾಗ ಮತ್ತೆ ತೆಗೆಸಿದರು. ಉಡುವವನಿಗೆ ಏನು ಹಿತ ಎಂದು ಯಾರೂ ಕೇಳಲಿಲ್ಲ.

ಗಂಡಸರು ಬಿಟ್ಟರು, ನಾವು ಹೊತ್ತೆವು

ಭಾರತದಲ್ಲಿ ಪಂಚೆಯನ್ನು ಕಾನೂನು ಮಾಡಿ ಬಿಚ್ಚಿಸಲಿಲ್ಲ. ಕಚೇರಿ ಬಿಚ್ಚಿಸಿತು. ಹಳೆಯ ಗ್ರೂಪ್ ಫೋಟೋಗಳನ್ನು ನೋಡಿ. ಕೆಳಗೆ ಕಚ್ಚೆಪಂಚೆ, ಮೇಲೆ ಕ್ಲೋಸ್ ಕಾಲರಿನ ಕೋಟು, ತಲೆಗೆ ರುಮಾಲು ಅಥವಾ ಕರಿ ಟೋಪಿ. ಅರ್ಧ ದೇಹ ಕಚೇರಿಗೆ, ಅರ್ಧ ದೇಹ ಮನೆಗೆ! ಆಮೇಲೆ ಪಂಚೆಯ ಅಂಚು ಸೈಕಲ್ಲಿನ ಚೈನಿಗೆ ಸಿಕ್ಕಿತು, ಲೋಕಲ್ ಟ್ರೈನಿನ ಬಾಗಿಲಲ್ಲಿ ಜೋತಾಡುವವನಿಗೆ ಅಪಾಯವಾಯಿತು. ಶಾಲೆಗೆ ಚಡ್ಡಿ, ಪೊಲೀಸಿಗೆ ಖಾಕಿ, ಫ್ಯಾಕ್ಟರಿಗೆ ಪ್ಯಾಂಟು ಬಂದವು. 1960-70ರ ದಶಕದ ಟೆರಿಲಿನ್, ಟೆರಿಕಾಟ್ ಪ್ಯಾಂಟು ಉಳಿದದ್ದನ್ನು ಮುಗಿಸಿತು.

ಇದಕ್ಕೆ ಎದುರಾಗಿ ನಡೆದವರು ಗಾಂಧೀಜಿ. ಲಂಡನ್ನಿನಲ್ಲಿ ಸೂಟು, ದಕ್ಷಿಣ ಆಫ್ರಿಕಾದಿಂದ ಬಂದಮೇಲೆ ಕಾಠಿಯಾವಾಡಿ ಪೇಟ ಮತ್ತು ಅಂಗರಖ, ಕೊನೆಗೆ 1921ರ ಸೆಪ್ಟೆಂಬರ್ 22ರಂದು ಮಧುರೈಯಲ್ಲಿ ಮೊಣಕಾಲುದ್ದದ ತುಂಡು ಪಂಚೆ. 1931ರಲ್ಲಿ ದುಂಡುಮೇಜಿನ ಸಭೆಗೆ ಹೋದಾಗ ಬಕಿಂಗ್‌ಹ್ಯಾಮ್ ಅರಮನೆಗೂ ಅದರಲ್ಲೇ ಹೋದರು. ಅವರನ್ನು ಅರೆಬೆತ್ತಲೆ ಫಕೀರ ಎಂದು ಚರ್ಚಿಲ್ ಜರೆದದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಮುಂದೆ 1996ರಲ್ಲಿ ನಮ್ಮ ದೇವೇಗೌಡರು ಪ್ರಧಾನಿಯಾದಾಗ ಪಂಚೆ ಬಿಡಲಿಲ್ಲ. ಅದನ್ನು ನೋಡಿ ದೆಹಲಿಯ ಕನ್ನಡಿಗರಿಗೆ ಎಷ್ಟು ಹೆಮ್ಮೆಯಾಗಿತ್ತೆಂದು ಅಲ್ಲಿರುವ ನನ್ನ ಚಿಕ್ಕಮ್ಮ ಈಗಲೂ ಹೇಳುತ್ತಾರೆ.

ಗೆಳತಿಯರೇ, ಇಲ್ಲಿ ನಮ್ಮ ಪಾಲಿನದೊಂದು ಮಾತಿದೆ. ಗಂಡಸರು ಪಂಚೆ ಬಿಟ್ಟು ಪ್ಯಾಂಟು ಹಾಕಿದಾಗ ಸಂಸ್ಕೃತಿ ಹಾಳಾಯಿತೆಂದು ಯಾರೂ ಗೋಳಾಡಲಿಲ್ಲ. ಅದು ಪ್ರಗತಿ ಎನಿಸಿತು. ಸೀರೆ ಬಿಟ್ಟು ಚೂಡಿದಾರ ಹಾಕಿದ ಹೆಂಗಸು ಮಾತ್ರ ನಾಲ್ಕು ಮಂದಿಗೆ ಉತ್ತರ ಹೇಳಬೇಕಾಯಿತು. ಸಂಪ್ರದಾಯದ ಮೂಟೆಯನ್ನು ಗಂಡಸರು ಕೆಳಗಿಟ್ಟು ಆಫೀಸಿಗೆ ಹೋದರು, ನಾವು ಎತ್ತಿಕೊಂಡು ಅಡುಗೆಮನೆಗೆ ಹೋದೆವು. ನಮ್ಮ ರಾಜ್ಯೋತ್ಸವದ ಆಮಂತ್ರಣ ನೋಡಿ: 'ಮಹಿಳೆಯರು ಸಾಂಪ್ರದಾಯಿಕ ಉಡುಗೆಯಲ್ಲಿ ಬರಬೇಕಾಗಿ ವಿನಂತಿ.' ನಾವು ಇಳಕಲ್ಲು, ಮೈಸೂರು ರೇಷ್ಮೆ ಉಟ್ಟು ಸಾಲಾಗಿ ನಿಲ್ಲುತ್ತೇವೆ. ಪಕ್ಕದಲ್ಲಿ ಅವರು ಜೀನ್ಸು, ಕುರ್ತಾ!

ಹಾಗೆಂದು ಪಂಚೆಯ ಕಾಲವೇ ಚೆಂದವಿತ್ತು ಎಂದೂ ನಾನು ಹೇಳಲಾರೆ. ಆ ಬಿಳುಪು ಎಲ್ಲಿಂದ ಬರುತ್ತಿತ್ತು? ನನ್ನ ಅಜ್ಜಿ ಬಾವಿಕಟ್ಟೆಯ ಕಲ್ಲಿನ ಮೇಲೆ ಪಂಚೆಗಳನ್ನು ಒಗೆದು, ನೀಲಿ ಅದ್ದಿ, ಅನ್ನದ ಗಂಜಿ ಹಾಕಿ, ಇಬ್ಬರು ಎರಡು ತುದಿ ಹಿಡಿದು ಜಗ್ಗಿ ಒಣಗಿಸುತ್ತಿದ್ದರು. ಗಂಡಸಿನ ಪಂಚೆಯ ಗರಿ ಹೆಂಗಸಿನ ರಟ್ಟೆಯಿಂದ ಬಂದದ್ದು. ತೊಳೆದು ಹಿಂಡಿ ನೇತುಹಾಕಿದರೆ ಬೆಳಿಗ್ಗೆಗೆ ಒಣಗುವ ಟೆರಿಕಾಟ್ ಬಂದಾಗ ನನ್ನ ಅಮ್ಮನ ತಲೆಮಾರು ಒಳಗೊಳಗೆ ಖುಷಿಪಟ್ಟಿತು. ಮನೆಯಲ್ಲಿ ಬಣ್ಣದ ಲುಂಗಿಯನ್ನು ಗೆಲ್ಲಿಸಿದವರೂ ಹೆಂಗಸರೇ. ಕೊಳೆ ಕಾಣುವುದಿಲ್ಲ, ಗಂಜಿ ಬೇಡ, ಇಸ್ತ್ರಿ ಬೇಡ. ನಮ್ಮ ನೈಟಿಯ ಗುಣವೂ ಅದೇ ಅಲ್ಲವೇ? ಲುಂಗಿ ಗಂಡಸಿನ ನೈಟಿ, ನೈಟಿ ಹೆಂಗಸಿನ ಲುಂಗಿ. ಮೈಗೆ ಹಿತವಾಗಿರುವುದೇ ಎರಡರ ಅಪರಾಧ.

ನಾಲ್ಕು ಪ್ಯಾಂಟು, ಹನ್ನೆರಡು ಹುಡುಗರು

ಮಾವ ಕೆಳಗಿಳಿಯದೆ ಒಂದು ವಾರವಾದಾಗ, ನಾನು ಓದಿದ ಕಿಲ್ಟಿನ ಕಥೆಯನ್ನು ಅವರಿಗೆ ಹೇಳಿದೆ. ಅವರು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಕಥೆ ಹೇಳಿದರು. ಮದುವೆಯಾಗಿ 31 ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಕೇಳಿರದ ಕಥೆ.

ಮಾವ ಕುಂದಾಪುರದ ಕಡೆಯಿಂದ 1962ರಲ್ಲಿ, 16ರ ಪ್ರಾಯದಲ್ಲಿ ಬೊಂಬಾಯಿಗೆ ಬಂದವರು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ರಾತ್ರಿ ಕನ್ನಡಿಗರ ನೈಟ್ ಸ್ಕೂಲು. ಹೋಟೆಲಿನ ಮಾಳಿಗೆಯಲ್ಲೇ ಹುಡುಗರ ವಾಸ, ಹಗಲೂ ರಾತ್ರಿಯೂ ಲುಂಗಿ. ಬೆಂಕಿಯ ಮುಂದೆ ನಿಲ್ಲುವವರಿಗೆ ಬೇರೆ ಏನು ಉಡಲು ಸಾಧ್ಯ?

ಆ ವರ್ಷಗಳ ಮುಂಬಯಿಯ ಗಾಳಿ ಹಿರಿಯರಿಗೆ ನೆನಪಿರಬಹುದು. 1960ರಲ್ಲಿ ಶುರುವಾದ 'ಮಾರ್ಮಿಕ್' ವಾರಪತ್ರಿಕೆ ಇಲ್ಲಿನ ಕಂಪನಿಗಳಲ್ಲಿ ಕೆಲಸದಲ್ಲಿದ್ದ ದಕ್ಷಿಣ ಭಾರತೀಯರ ಹೆಸರುಗಳ ಪಟ್ಟಿ ಹಾಕುತ್ತಿತ್ತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. 'ಹಟಾವ್ ಲುಂಗಿ, ಬಜಾವ್ ಪುಂಗಿ' ಎಂಬುದು ಆಗಿನ ಘೋಷಣೆ. ಕನ್ನಡಿಗ, ತುಳುವ, ತಮಿಳ, ಮಲಯಾಳಿ ಎಂಬ ಭೇದವಿಲ್ಲದೆ ನಾವೆಲ್ಲ ಒಂದೇ ಮಾತಿನಲ್ಲಿ 'ಲುಂಗಿವಾಲಾ' ಆದೆವು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. 1969ರ ಫೆಬ್ರವರಿಯಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿಯ ವಿಷಯದಲ್ಲಿ ನಗರ ಹೊತ್ತಿ ಉರಿಯಿತು.

"ಧಣಿಗಳು ನಮ್ಮನ್ನೆಲ್ಲ ಒಳಗೆ ಕರೆದು ಹೇಳಿದರು, ಹೊರಗೆ ಕಾಲಿಡುವುದಾದರೆ ಪ್ಯಾಂಟು ಹಾಕಿ, ಬೀದಿಯಲ್ಲಿ ನಮ್ಮ ಭಾಷೆ ಮಾತಾಡಬೇಡಿ ಅಂತ" ಎಂದರು ಮಾವ. "ನಾವು ಇದ್ದದ್ದು 12 ಜನ. ಪ್ಯಾಂಟು ಇದ್ದದ್ದು ನಾಲ್ಕು. ಎಂತ ಮಾಡೂದು? ಪಾಳಿ ಮಾಡಿಕೊಂಡೆವು. ತರಕಾರಿ ತರುವವನಿಗೆ ಒಂದು, ಪೋಸ್ಟಾಫೀಸಿಗೆ ಊರಿಗೆ ದುಡ್ಡು ಕಳಿಸಲು ಹೋಗುವವನಿಗೆ ಒಂದು, ನೈಟ್ ಸ್ಕೂಲಿಗೆ ಎರಡು. ನನ್ನದು ಆ ವರ್ಷ ಮೆಟ್ರಿಕ್. ನನಗೆ ಸಿಕ್ಕಿದ ಪ್ಯಾಂಟು ಅಡುಗೆ ಭಟ್ಟರದ್ದು. ಸೊಂಟಕ್ಕೆ ಸುತಳಿ ಕಟ್ಟಿಕೊಂಡು ಹೋಗಿ ಪರೀಕ್ಷೆ ಬರೆದೆ."

ಮಾವ ಆ ಪರೀಕ್ಷೆ ಪಾಸಾದರು. ಗಲ್ಲೆಯಲ್ಲಿ ಕೂತರು, ಆಮೇಲೆ ಒಂದು ಖಾಸಗಿ ಕಂಪನಿಯಲ್ಲಿ ಕ್ಲರ್ಕ್ ಆಗಿ 30 ವರ್ಷ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ದುಡಿದರು. ನಿವೃತ್ತರಾದ ದಿನ ಸಂಜೆ ಪ್ಯಾಂಟುಗಳನ್ನೆಲ್ಲ ಮಡಚಿ ಕಪಾಟಿನ ಮೇಲಿನ ಅರೆಯಲ್ಲಿಟ್ಟು ಲುಂಗಿ ಉಟ್ಟರಂತೆ. ಅದನ್ನು ನಾವು ಮುದುಕರ ಆಲಸ್ಯ ಎಂದುಕೊಂಡಿದ್ದೆವು.

ಈಗ ಆ ಘೋಷಣೆ ಹಳೆಯದಾಯಿತು. ಮರಾಠಿಗರೂ ನಾವೂ ಒಂದೇ ಮಹಡಿಯಲ್ಲಿ ಗಣೇಶನ ಪ್ರಸಾದ ಹಂಚಿಕೊಳ್ಳುತ್ತೇವೆ. 2013ರಲ್ಲಿ 'ಚೆನ್ನೈ ಎಕ್ಸ್‌ಪ್ರೆಸ್' ಸಿನಿಮಾ ಬಂದಾಗ ಇದೇ ಊರಿನ ಹುಡುಗರು ಲುಂಗಿ ಎತ್ತಿ ಕುಣಿದರು. ತಮಾಷೆಗೆ ಲುಂಗಿ ಆಗುತ್ತದೆ, ಸಂಜೆಯ ವಾಕಿಂಗಿಗೆ ಆಗುವುದಿಲ್ಲ.

ಗೇಟಿನಲ್ಲಿ ನಿಂತವರು

ಗೇಟಿನ ಕಥೆಗಳು ನಮ್ಮ ಸೊಸೈಟಿಯದ್ದಷ್ಟೇ ಅಲ್ಲ. 2014ರ ಜುಲೈಯಲ್ಲಿ ಚೆನ್ನೈನ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ನಡೆದ ಪುಸ್ತಕ ಬಿಡುಗಡೆಗೆ ವೇಷ್ಟಿ ಉಟ್ಟು ಹೋದ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನು ಒಳಗೆ ಬಿಡಲಿಲ್ಲ. ಮುಂದಿನ ತಿಂಗಳೇ ತಮಿಳುನಾಡು ವಿಧಾನಸಭೆ ಕಾನೂನು ಮಾಡಿತು. ವೇಷ್ಟಿ ಉಟ್ಟವರನ್ನು ತಡೆಯುವ ಕ್ಲಬ್ಬುಗಳ ಲೈಸೆನ್ಸ್ ರದ್ದು ಮಾಡಲು ಅದರಲ್ಲಿ ಅವಕಾಶವಿದೆ. 2023ರ ಜೂನ್‌ನಲ್ಲಿ ಗ್ರೇಟರ್ ನೋಯ್ಡಾದ ಒಂದು ವಸತಿ ಸಮುಚ್ಚಯ, ಲುಂಗಿ-ನೈಟಿಯಲ್ಲಿ ಹೊರಗೆ ಬರಬೇಡಿ ಎಂದು ನಮ್ಮದರಂಥದೇ ನೋಟೀಸು ಹಾಕಿ ಪತ್ರಿಕೆಗಳಲ್ಲಿ ಸುದ್ದಿಯಾಯಿತು. 2024ರ ಜುಲೈಯಲ್ಲಿ ಬೆಂಗಳೂರಿನ ಒಂದು ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ವಿಧಾನಸಭೆಯಲ್ಲೇ ಗದ್ದಲವಾಗಿ ಸರಕಾರ ಆ ಮಾಲನ್ನು 7 ದಿನ ಮುಚ್ಚಲು ಹೇಳಿತು. ಆ ರಾಜ್ಯದ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ದಿನಾ ಪಂಚೆ ಉಡುವವರು ಎಂಬುದು ಗೇಟಿನ ಕಾವಲುಗಾರನಿಗೆ ಹೊಳೆಯಲಿಲ್ಲವೇ? ಹೊಳೆದೇ ಇರುತ್ತದೆ. ಆದರೆ ಅವರ ಪಂಚೆ ಬೇರೆ, ರೈತನ ಪಂಚೆ ಬೇರೆ ಎಂದು ಅವನಿಗೆ ಯಾರೋ ಕಲಿಸಿದ್ದಾರೆ.

ಇನ್ನು ದೇವಸ್ಥಾನದ ಗೇಟು ಇದಕ್ಕೆ ತದ್ವಿರುದ್ಧ. ಗುರುವಾಯೂರಿನಲ್ಲಿ, ತಿರುವನಂತಪುರದ ಪದ್ಮನಾಭಸ್ವಾಮಿ ಗುಡಿಯಲ್ಲಿ ಪ್ಯಾಂಟು ಹಾಕಿದವನು ಹೊರಗೇ ನಿಲ್ಲಬೇಕು, ಮುಂಡು ಉಟ್ಟವನು ಮಾತ್ರ ಒಳಗೆ. ದೇವರು ಬೇಕೆಂದದ್ದು ಕ್ಲಬ್ಬಿಗೆ ಬೇಡ. ಮಧ್ಯದಲ್ಲಿ ಒಬ್ಬ ಗಂಡಸು ಎರಡು ಬಟ್ಟೆಯ ಗಂಟು ಹಿಡಿದುಕೊಂಡು ನಿಂತಿದ್ದಾನೆ.

ಕೊನೆಗೆ ಆದದ್ದು

ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ನಾನು ಎದ್ದು ನಿಂತೆ. ಇತಿಹಾಸ ಏನನ್ನೂ ಹೇಳಲಿಲ್ಲ. ಆಪರೇಷನ್ ಆದ ಒಬ್ಬ ಹಿರಿಯರು ಈ ಕಾಗದದಿಂದಾಗಿ ಮೂರು ವಾರದಿಂದ ಗಾಳಿಗೆ ಹೊರಗೆ ಬಂದಿಲ್ಲ ಎಂದಷ್ಟೇ ಹೇಳಿದೆ. ಕಮಿಟಿಯವರು ಅದು ಸಭ್ಯತೆಯ ಪ್ರಶ್ನೆ ಎಂದರು. ಆಗ ಮೂರನೆಯ ಮಹಡಿಯ ಮರಾಠಿ ಅಜ್ಜಿ ಎದ್ದು, ತಮ್ಮ ಯಜಮಾನರು ಸಾತಾರಾದ ಹಳ್ಳಿಯಿಂದ ಬಂದು ಸಾಯುವವರೆಗೂ ಧೋತರ ಉಟ್ಟೇ ಇದ್ದರು, ಅವರು ಅಸಭ್ಯರೇ ಎಂದು ಕೇಳಿದರು. ಸಭೆ ಸುಮ್ಮನಾಯಿತು. ನೋಟೀಸು ವಾಪಸು ಪಡೆದೆವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ವಾರ ಆ ಜಾಗದಲ್ಲಿ ನೀರಿನ ಟ್ಯಾಂಕ್ ತೊಳೆಯುವ ಸೂಚನೆ ಬಂತು, ಅಷ್ಟೇ.

ಮಾವ ಈಗ ಮತ್ತೆ ಸಂಜೆ ಐದಕ್ಕೆ ಇಳಿಯುತ್ತಾರೆ. ಆದರೆ ಲುಂಗಿಯಲ್ಲಲ್ಲ, ಬಿಳಿ ಪಂಚೆಯಲ್ಲಿ. "ಬಿಳಿಯದಾದರೆ ಯಾರೂ ಎಂತ ಹೇಳೂದಿಲ್ಲ" ಎನ್ನುತ್ತಾರೆ. ಲುಂಗಿ ಮನೆಯೊಳಗೇ ಉಳಿಯಿತು. ಪೂರ್ತಿ ಗೆದ್ದೆವೆಂದು ನಾನು ಹೇಳಲಾರೆ. ಪಂಚೆಯನ್ನು ಈಗ ಒಗೆಯುವುದು ವಾಷಿಂಗ್ ಮಷೀನು, ಒಣಹಾಕಿ ಮಡಚುವುದು ನನ್ನ ಗಂಡ. ಆ ಒಪ್ಪಂದವನ್ನು ಮೊದಲೇ ಮಾಡಿಕೊಂಡಿದ್ದೇನೆ.

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಮಹಿಳಾ ವಿಭಾಗದಿಂದ ಒಂದು ಸಣ್ಣ ಸೂಚನೆ ಇಡುತ್ತಿದ್ದೇನೆ. ಆಮಂತ್ರಣದಲ್ಲಿ 'ಮಹಿಳೆಯರು' ಎಂಬ ಜಾಗದಲ್ಲಿ 'ಎಲ್ಲರೂ' ಎಂದು ಅಚ್ಚು ಹಾಕಿಸೋಣ. ನಮ್ಮ ಮನೆಯ ಗಂಡಸರು ಕಪಾಟಿನಿಂದ ಪಂಚೆ ತೆಗೆಯಲಿ, ಉಡಲು ಬಾರದವರು ಹಿರಿಯರನ್ನು ಕೇಳಿ ಕಲಿಯಲಿ. ಹಾಗೆ ಕೇಳುವಾಗ, ಅವರು ಮೊದಲ ಪ್ಯಾಂಟು ಯಾವಾಗ ಹಾಕಿದರು, ಯಾಕೆ ಹಾಕಿದರು ಎಂದೂ ಕೇಳಿ. ನಿಮ್ಮ ಮನೆಯಲ್ಲೂ ಹೇಳದೆ ಉಳಿದ ಒಂದು ಕಥೆ ಇರಬಹುದು.